ಒಂದು ವೋಟು ಕಡಿಮೆ ಬಿತ್ತು



ಒಂದು ವೋಟಿನ ಬೆಲೆ ಏನು ಅಂತ ಕರ್ನಾಟಕದವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆ ನೆನಪಿದೆಯಾ? ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ವೋಟಿನಿಂದ. ಎ.ಆರ್. ಕೃಷ್ಣಮೂರ್ತಿ ಸೋತಿದ್ದೂ ಅದೇ ಒಂದು ವೋಟಿನಿಂದ. ಅದಕ್ಕೂ ಐದು ವರ್ಷ ಮೊದಲು, 1999ರ ಏಪ್ರಿಲ್ 17ರಂದು ದೆಹಲಿಯಲ್ಲಿ ವಾಜಪೇಯಿ ಸರ್ಕಾರ ಬಿದ್ದಿದ್ದು 269-270ರ ಲೆಕ್ಕದಲ್ಲಿ. ಅಲ್ಲೂ ಒಂದೇ ವೋಟು.

ಅದೇ 1999. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ. ಅಲ್ಲಿನ ಅಸೆಂಬ್ಲಿಯಲ್ಲಿ 80 ಸದಸ್ಯರು. ಒಂದು ಬಿಲ್ ಪಾಸಾಗಬೇಕಂದ್ರೆ 41 ವೋಟು ಬೇಕು. ಆ ಬಿಲ್‌ಗೆ ಬಿದ್ದಿದ್ದು 40.

ಏನಿತ್ತು ಆ ಬಿಲ್‌ನಲ್ಲಿ? ಸರ್ಕಾರ ಬೀಳಿಸೋ ವಿಷಯವಾ? ಸಾವಿರಾರು ಕೋಟಿಯ ಟೆಂಡರಾ? ಎರಡೂ ಅಲ್ಲ. ಶಾಲೆಗೆ ಹೋಗೋ ಮಗುವಿನ ವಿಷಯ. ಸಲಿಂಗಿ ಅನ್ನೋ ಕಾರಣಕ್ಕೆ, ಅಥವಾ ಹಾಗಿರಬಹುದು ಅನ್ನೋ ಅನುಮಾನಕ್ಕೆ, ಶಾಲೆಯಲ್ಲಿ ಯಾವ ಮಗುವಿಗೂ ಹಿಂಸೆ ಕೊಡಬಾರದು, ತಾರತಮ್ಯ ಮಾಡಬಾರದು. ಇಷ್ಟೇ. ಜಾತಿ-ಧರ್ಮದ ಹೆಸರಲ್ಲಿ ಶಾಲೆಯಲ್ಲಿ ಮಗುವನ್ನು ಹೀಯಾಳಿಸಬಾರದು ಅಂತ ನಾವು ಹೇಳ್ತೀವಲ್ಲ, ಅದೇ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ ಅಂತ ಕೇಳಿದ್ದು. ಆ ಒಂದು ಸಾಲು ಒಂದು ವೋಟಿನಿಂದ ಬಿದ್ದುಹೋಯಿತು.

ಬಿಲ್ ಮಂಡಿಸಿದವರ ಹೆಸರು ಶೀಲಾ. ಕೇಳಿದರೆ ನಮ್ಮ ಪಕ್ಕದ ಮನೆಯವರ ಹೆಸರು ಇದ್ದ ಹಾಗಿದೆ, ಅಲ್ವಾ? ಪೂರ್ತಿ ಹೆಸರು ಶೀಲಾ ಜೇಮ್ಸ್ ಕ್ಯೂಲ್. ವಕೀಲೆ. ಕ್ಯಾಲಿಫೋರ್ನಿಯಾದ ಶಾಸನಸಭೆಗೆ, 'ನಾನು ಸಲಿಂಗಿ' ಅಂತ ಬಹಿರಂಗವಾಗಿ ಹೇಳಿಕೊಂಡು ಆಯ್ಕೆಯಾದ ಮೊಟ್ಟಮೊದಲ ವ್ಯಕ್ತಿ. ಇವತ್ತು ಅವರ ಕಥೆ ಹೇಳಬೇಕು. ಕಥೆಯ ಮೊದಲ ಅಧ್ಯಾಯದ ವಿಲನ್ ಯಾರು ಗೊತ್ತಾ? ನಮ್ಮವರೇ. ಟೆಲಿವಿಷನ್‌ನವರು.

ಶೀಲಾ ಹುಟ್ಟಿದ್ದು 1941ರಲ್ಲಿ, ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ. ಬೆಳೆದಿದ್ದು ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ವಿಮಾನ ಕಾರ್ಖಾನೆಯ ಕೆಲಸಗಾರ. ಎಂಟೊಂಬತ್ತು ವರ್ಷಕ್ಕೇ ಹುಡುಗಿ ಟಿವಿಗೆ ಬಂದಳು. ಟಿವಿ ಅನ್ನೋದೇ ಆಗ ಅಮೆರಿಕದ ಮನೆಗಳಿಗೆ ಹೊಸದು. 1959ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ 'ದಿ ಮೆನಿ ಲವ್ಸ್ ಆಫ್ ಡೋಬಿ ಗಿಲಿಸ್' ಅಂತ ಒಂದು ಹಾಸ್ಯ ಧಾರಾವಾಹಿ ಶುರುವಾಯಿತು. ಅದರಲ್ಲಿ ಝೆಲ್ಡಾ ಅನ್ನೋ ಪಾತ್ರ. ಕ್ಲಾಸಿಗೇ ಬುದ್ಧಿವಂತೆ, ಪಟಪಟ ಮಾತು, ನಾಯಕನ ಹಿಂದೆ ಬಿದ್ದು 'ನೀನು ನನ್ನನ್ನೇ ಮದುವೆ ಆಗೋದು' ಅಂತ ಹಟ ಹಿಡಿಯೋ ಹುಡುಗಿ. ಪಾತ್ರ ಎಷ್ಟು ಹಿಟ್ ಆಯಿತು ಅಂದ್ರೆ, ಝೆಲ್ಡಾಗೇ ಬೇರೆ ಧಾರಾವಾಹಿ ಮಾಡೋಣ ಅಂತ ಪೈಲಟ್ ಎಪಿಸೋಡ್ ಕೂಡ ಶೂಟ್ ಮಾಡಿದರು.

ಆ ಧಾರಾವಾಹಿ ಪ್ರಸಾರವೇ ಆಗಲಿಲ್ಲ. ಯಾಕೆ? ನಿರ್ದೇಶಕರು ಕೊಟ್ಟ ಕಾರಣವನ್ನು ಶೀಲಾ ಆಮೇಲೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಚಾನೆಲ್‌ನ ಮುಖ್ಯಸ್ಥರಿಗೆ ಹುಡುಗಿ ಸ್ವಲ್ಪ ಗಂಡುಬೀರಿ ತರ ಕಂಡಳಂತೆ. ಅಷ್ಟೇ. ನಟನೆ ಚೆನ್ನಾಗಿಲ್ಲ ಅಂತಲ್ಲ, ಜನ ನೋಡಲ್ಲ ಅಂತಲೂ ಅಲ್ಲ. ನೋಡೋಕೆ ಹಾಗೆ ಕಾಣ್ತಾಳೆ ಅಂತ.

ಆ ಮಾತು ಕೇಳಿ ಶೀಲಾ ಹೆದರಿದ್ದರಲ್ಲಿ ಆಶ್ಚರ್ಯ ಇಲ್ಲ. ಯಾಕಂದ್ರೆ ಆ ಹುಡುಗಿಗೆ ನಿಜವಾಗಿಯೂ ಒಬ್ಬ ಗೆಳತಿ ಇದ್ದಳು. ಕಾಲೇಜಿನ ದಿನಗಳಲ್ಲೇ ಆ ಗೆಳತಿ ಬರೆದ ಪತ್ರಗಳು ಬೇರೆಯವರ ಕೈಗೆ ಸಿಕ್ಕಿ, ತಾನಿದ್ದ ವಿದ್ಯಾರ್ಥಿನಿಯರ ಸಂಘದಿಂದ ಹೊರಬೀಳಬೇಕಾಗಿ ಬಂದಿತ್ತು. ಈಗ ಟಿವಿಯೂ ಬಾಗಿಲು ಹಾಕಿತು. ಅದು 1960ರ ದಶಕ. ವಿಷಯ ಹೊರಗೆ ಬಂದರೆ ಕೆಲಸ ಹೋಗುತ್ತೆ, ಮನೆ ಹೋಗುತ್ತೆ, ಕಾನೂನೇ ಅಪರಾಧಿ ಅನ್ನುತ್ತೆ. ಪಾತ್ರಗಳು ನಿಂತುಹೋದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಒಂದು ಕಾಲದ ಬಾಲನಟಿ, ಈಗೆಲ್ಲಿದ್ದಾರೆ ನೋಡಿ ಅಂತ ನಾವು ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಕಾರ್ಯಕ್ರಮ ಮಾಡ್ತೀವಲ್ಲ, ಆ ಪಟ್ಟಿಗೆ ಸೇರಬೇಕಿತ್ತು. ಆದರೆ ಶೀಲಾ ತಾನು ಓದಿದ್ದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿಗಳ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ, ಮೂವತ್ತರ ಮಧ್ಯದಲ್ಲಿ, ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಹಾರ್ವರ್ಡ್ ಲಾ ಸ್ಕೂಲಿಗೆ ಹೋದರು. 1978ರಲ್ಲಿ ಕಾನೂನು ಪದವಿ ಪಡೆದಾಗ ಅವರ ವಯಸ್ಸು 37. ಅಲ್ಲಿನ ಮೂಟ್ ಕೋರ್ಟ್ ಸ್ಪರ್ಧೆ, ಅಂದ್ರೆ ಅಣಕು ನ್ಯಾಯಾಲಯದ ವಾದ ಸ್ಪರ್ಧೆಯನ್ನು ಗೆದ್ದ ಎರಡನೇ ಮಹಿಳೆ ಅವರು. ನಾನು ಎಂಜಿನಿಯರಿಂಗ್ ಮುಗಿಸಿ ಮೈಕ್ ಹಿಡಿದವನು. 'ಓದಿದ್ದೊಂದು, ಮಾಡ್ತಿರೋದೊಂದು' ಅಂತ ನಮ್ಮ ಮಾವ ಈಗಲೂ ಮದುವೆ ಮನೆಯಲ್ಲಿ ಹಂಗಿಸುತ್ತಾರೆ. ಅವರಿಗೆ ಈ ಉದಾಹರಣೆ ಕೊಡಬೇಕು ಅಂದುಕೊಂಡಿದ್ದೀನಿ.

ವಕೀಲೆಯಾಗಿ ಏನು ಮಾಡಿದರು? ದೊಡ್ಡ ಕಂಪನಿಗಳ ಕೇಸು ಹಿಡಿಯಲಿಲ್ಲ. ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದರು. ಗಂಡನ ಕೈಯಲ್ಲಿ ಏಟು ತಿಂದು ಬಂದ ಹೆಂಗಸರ ಪರವಾಗಿ ಕಾನೂನಿನ ಕರಡು ಬರೆಯೋಕೆ ಕೂತರು. 1989ರಲ್ಲಿ ಕ್ಯಾಲಿಫೋರ್ನಿಯಾ ವಿಮೆನ್ಸ್ ಲಾ ಸೆಂಟರ್ ಅನ್ನೋ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 1994ರಲ್ಲಿ ಸಾಂತಾ ಮೋನಿಕಾ, ಮಲಿಬು ಕಡೆಯ ಕ್ಷೇತ್ರದಿಂದ ಅಸೆಂಬ್ಲಿಗೆ ನಿಂತರು. ಮುಚ್ಚಿಡಲಿಲ್ಲ. ಇದು ನಾನು, ಇದು ನನ್ನ ಕೆಲಸ, ವೋಟು ಹಾಕೋದಾದ್ರೆ ಹಾಕಿ ಅಂತ ನಿಂತರು. ಜನ ಹಾಕಿದರು.

ಇಲ್ಲೊಂದು ವಿಷಯ ಗಮನಿಸಿ. ಒಬ್ಬ ಸಲಿಂಗಿ ಶಾಸಕಿ ಅಂದ ತಕ್ಷಣ ನಮ್ಮ ತಲೆಯಲ್ಲಿ ಏನು ಬರುತ್ತೆ? ದಿನಾ ಅದೇ ವಿಷಯ ಮಾತಾಡ್ತಾರೆ, ಅದೊಂದೇ ಅಜೆಂಡಾ ಅಂತ. ಲೆಕ್ಕ ತೆಗೆದು ನೋಡೋಣ. ಅಸೆಂಬ್ಲಿಯಲ್ಲಿ ಆರು ವರ್ಷ, ಸೆನೆಟ್‌ನಲ್ಲಿ ಎಂಟು ವರ್ಷ. ಒಟ್ಟು 14 ವರ್ಷ. ಅದಕ್ಕಿಂತ ಹೆಚ್ಚು ಇರೋಕೆ ಅಲ್ಲಿನ ಕಾನೂನೇ ಆಗ ಬಿಡ್ತಿರಲಿಲ್ಲ. ಈ 14 ವರ್ಷದಲ್ಲಿ ಅವರು ಬರೆದು, ಪಾಸ್ ಮಾಡಿಸಿ, ಗವರ್ನರ್ ಸಹಿ ಬಿದ್ದು ಕಾನೂನಾದ ಬಿಲ್‌ಗಳು ಎಷ್ಟು ಗೊತ್ತಾ? 171. ನೂರ ಎಪ್ಪತ್ತೊಂದು!

ಅದರಲ್ಲಿ ಒಂದನ್ನು ಬೆಂಗಳೂರಿನವರು ಕಿವಿಗೊಟ್ಟು ಕೇಳಬೇಕು. 2001ರ ಕಾನೂನು. 500ಕ್ಕಿಂತ ಹೆಚ್ಚು ಮನೆಗಳ ಬಡಾವಣೆ ಕಟ್ತೀಯಾ? ಮೊದಲು ನೀರು ತೋರಿಸು. ಇವತ್ತಿನ ನೀರಲ್ಲ, ಮುಂದಿನ 20 ವರ್ಷದ ನೀರು. ಬರಗಾಲ ಬಂದರೂ ಸಾಲುವಷ್ಟು ನೀರಿದೆ ಅಂತ ಕಾಗದದ ಮೇಲೆ ಸಾಬೀತು ಮಾಡು, ಆಮೇಲೆ ಅನುಮತಿ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗಾಗಿ ಗೇಟ್ ಹತ್ತಿರ ಕಾದ ಅಪಾರ್ಟ್‌ಮೆಂಟಿನವರೇ ಹೇಳಿ, ಇದು ಯಾವ 'ಅಜೆಂಡಾ'?

ಇನ್ನೊಂದು, 2002ರದ್ದು. ಅಮೆರಿಕದಲ್ಲಿ ಹೆರಿಗೆ ರಜೆಗೆ ಸಂಬಳ ಕೊಡಬೇಕು ಅನ್ನೋ ರಾಷ್ಟ್ರೀಯ ಕಾನೂನೇ ಇಲ್ಲ. ಹೌದು, ಅಷ್ಟು ಶ್ರೀಮಂತ ದೇಶದಲ್ಲಿ. ನಮ್ಮಲ್ಲಿ 2017ರಿಂದ ಸಂಘಟಿತ ವಲಯದ ಹೆಣ್ಣುಮಕ್ಕಳಿಗೆ 26 ವಾರ ಇದೆ. ಅಲ್ಲಿ 1993ರ ಕಾನೂನು 12 ವಾರ ರಜೆ ಕೊಡುತ್ತೆ, ಸಂಬಳ ಕೊಡಲ್ಲ. ಸಂಬಳ ಇಲ್ಲದ ರಜೆ ಯಾವ ಬಡವರಿಗೆ ಬೇಕು? ಶೀಲಾ ಕ್ಯೂಲ್ ತಂದ ಕಾನೂನಿನಿಂದ, ಇಡೀ ಅಮೆರಿಕದಲ್ಲೇ ಮೊದಲ ಬಾರಿಗೆ ಒಂದು ರಾಜ್ಯದಲ್ಲಿ ಸಂಬಳದ ಒಂದು ಭಾಗದ ಜೊತೆಗೆ ಆರು ವಾರದ ರಜೆ ಸಿಕ್ಕಿತು. ಮಗು ಹುಟ್ಟಿದ್ದಕ್ಕೂ ಸರಿ, ಅಮ್ಮನಿಗೆ ಹುಷಾರಿಲ್ಲ ಅಂದ್ರೂ ಸರಿ. ಗಂಡಸರಿಗೂ ಸಿಗುತ್ತೆ, ಹೆಂಗಸರಿಗೂ ಸಿಗುತ್ತೆ. ದುಡ್ಡು ಎಲ್ಲಿಂದ? ಕೆಲಸಗಾರರ ಸಂಬಳದಿಂದಲೇ ಚೂರು ಚೂರು ಕಡಿತ ಮಾಡಿ ಕಟ್ಟಿದ ನಿಧಿಯಿಂದ. 2004ರ ಜುಲೈನಿಂದ ಜನರ ಕೈಗೆ ಹಣ ಬರೋಕೆ ಶುರುವಾಯಿತು.

ಮತ್ತೊಂದು, ಹೆಂಡತಿಯನ್ನೋ ಮಕ್ಕಳನ್ನೋ ಹೊಡೆದದ್ದು ಕೋರ್ಟಿನಲ್ಲಿ ಸಾಬೀತಾದ ಮನುಷ್ಯನಿಗೆ ಮಗುವಿನ ಕಸ್ಟಡಿ ಕೊಡೋದು ಮಗುವಿಗೆ ಒಳ್ಳೆಯದಲ್ಲ ಅಂತಲೇ ನ್ಯಾಯಾಧೀಶರು ಹೊರಡಬೇಕು. ಅಲ್ಲ, ಒಳ್ಳೆಯದೇ ಅಂತ ತೋರಿಸೋ ಹೊಣೆ ಹೊಡೆದವನದ್ದು. ಇದು 1999ರ ಕಾನೂನು.

ಹಾಗಾದ್ರೆ ಅದೇ 1999ರ, ಆ ಒಂದು ವೋಟಿನ ಬಿಲ್?

ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು ನನ್ನದೊಂದು ವಿಷಯ ಹೇಳಬೇಕು. ಇದನ್ನು ಸ್ಟುಡಿಯೋದಲ್ಲಿ ಯಾವತ್ತೂ ಹೇಳಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಲ್ಯಾಬ್ ಬ್ಯಾಚ್‌ನಲ್ಲಿ ಒಬ್ಬ ಹುಡುಗ ಇದ್ದ. ಸರ್ಕ್ಯೂಟ್ ನಮಗಿಂತ ಬೇಗ ಜೋಡಿಸುತ್ತಿದ್ದ, ರೆಕಾರ್ಡ್ ಬುಕ್ಕು ಅಚ್ಚುಕಟ್ಟು. ಮಾತು ಮೆಲ್ಲಗೆ, ನಡಿಗೆ ಬೇರೆ ತರ. ಅವನಿಗೆ ಹಾಸ್ಟೆಲ್‌ನಲ್ಲಿ ಒಂದು ಹೆಣ್ಣಿನ ಹೆಸರಿಟ್ಟರು. ಮೆಸ್‌ನಲ್ಲಿ ತಟ್ಟೆ ಹಿಡಿದು ಬಂದರೆ ಆ ಹೆಸರಲ್ಲಿ ಕೂಗು, ವೈವಾಗೆ ಹೊರಟರೆ ಶಿಳ್ಳೆ. ನಾನು ಕೂಗಲಿಲ್ಲ. ಶಿಳ್ಳೆ ಹೊಡೀಲಿಲ್ಲ. ನಕ್ಕೆ. ಎಲ್ಲರ ಜೊತೆ ಸೇರಿ ನಕ್ಕೆ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆಗೆ ಅವನು ಬರಲಿಲ್ಲ. ರೂಮಿನ ಬೀಗ ತೆಗೆದು ನೋಡಿದರೆ ಹಾಸಿಗೆ ಸುತ್ತಿಟ್ಟಿತ್ತು. ಟೇಬಲ್ ಮೇಲೆ ನನ್ನಿಂದ ತಗೊಂಡಿದ್ದ ಕ್ಯಾಲ್ಕುಲೇಟರ್. ಯಾವ ಉಪನ್ಯಾಸಕರೂ ಯಾಕೆ ಬಿಟ್ಟ ಅಂತ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ. ಅವನು ಸಲಿಂಗಿಯೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಹಿಂಸೆ ಕೊಡೋರು ಸರ್ಟಿಫಿಕೇಟ್ ನೋಡಿ ಕೊಡಲ್ಲ. ನೋಡೋಕೆ ಹಾಗೆ ಕಾಣ್ತಾನೆ, ಅಷ್ಟು ಸಾಕು.

ಶೀಲಾ ಕ್ಯೂಲ್ ಅವರ ಬಿಲ್ ಇದ್ದದ್ದು ಈ ಹುಡುಗನಿಗಾಗಿ. ವಿರೋಧ ಮಾಡಿದವರು ಹೇಳಿದ್ದು, ಇದು ಪಾಸಾದರೆ ಶಾಲೆಗಳಲ್ಲಿ ಸಲಿಂಗಕಾಮದ ಪಾಠ ಶುರುವಾಗುತ್ತೆ ಅಂತ. ಹೊಡೀಬೇಡಿ ಅನ್ನೋದಕ್ಕೂ ಪಾಠ ಮಾಡಿ ಅನ್ನೋದಕ್ಕೂ ಇರೋ ವ್ಯತ್ಯಾಸ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಆ ಹೊತ್ತಿಗೆ ಅವರೇನು ಹೊಸಬರಲ್ಲ. ಅಸೆಂಬ್ಲಿಯ ಸ್ಪೀಕರ್ ಪ್ರೊ ಟೆಮ್ ಆಗಿದ್ದವರು, ನಮ್ಮ ಉಪಸಭಾಧ್ಯಕ್ಷರ ತರದ ಹುದ್ದೆ, ಅಲ್ಲಿ ಕೂತ ಮೊದಲ ಮಹಿಳೆ. ಸದನದ ಪ್ರತಿಯೊಬ್ಬ ಸದಸ್ಯನಿಗೂ ಮಾತಾಡೋಕೆ ಅವಕಾಶ ಕೊಟ್ಟು ಕೂರಿಸಿದ್ದವರು. ಆದರೂ 41ನೇ ವೋಟು ಬರಲಿಲ್ಲ.

ನಮ್ಮಲ್ಲಾಗಿದ್ದರೆ ಏನಾಗ್ತಿತ್ತು? ಸಭಾತ್ಯಾಗ, ಬಾವಿಗಿಳಿದು ಧರಣಿ, ನಮ್ಮ ಕ್ಯಾಮೆರಾ ಮುಂದೆ ಒಂದು ಬೈಟ್. ಅವರು ವಕೀಲೆ. ಕಾನೂನು ಪುಸ್ತಕ ತೆಗೆದರು. ದ್ವೇಷದ ಅಪರಾಧಗಳಿಗೆ ಶಿಕ್ಷೆ ಕೊಡೋ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಇತ್ತು. ಆ ಕಾನೂನಿನ ಪಟ್ಟಿಯಲ್ಲಿ ಸಲಿಂಗಿಗಳೂ ಇದ್ದರು. ಅಂದ್ರೆ ರಸ್ತೆಯಲ್ಲಿ ಹೊಡೆದರೆ ದ್ವೇಷದ ಅಪರಾಧ, ಅದೇ ಮಗುವನ್ನು ಶಾಲೆಯೊಳಗೆ ಗೋಳು ಹೊಯ್ದುಕೊಂಡರೆ ಶಿಕ್ಷಣ ಕಾನೂನಿನಲ್ಲಿ ಅದಕ್ಕೆ ಹೆಸರೇ ಇಲ್ಲ! ಹೊಸ ಬಿಲ್‌ನಲ್ಲಿ ಅವರು ಶಿಕ್ಷಣ ಕಾನೂನನ್ನು ಆ ಹಳೆಯ ಪಟ್ಟಿಗೆ ಜೋಡಿಸಿದರು. ಪೀನಲ್ ಕೋಡ್‌ನಲ್ಲಿ ನೀವೇ ಒಪ್ಪಿಕೊಂಡ ಪಟ್ಟಿ ಇದೆ, ಶಾಲೆಗೂ ಅದೇ ಅನ್ವಯ ಆಗಲಿ, ಅಷ್ಟೇ. ಎಂಜಿನಿಯರ್‌ಗಳ ಭಾಷೆಯಲ್ಲಿ ಹೇಳೋದಾದ್ರೆ ಹೊಸ ಲೈನ್ ಎಳೀಲಿಲ್ಲ, ಇದ್ದ ಲೈನಿಂದ ಕನೆಕ್ಷನ್ ಕೊಟ್ಟರು. ಬಿಲ್ ಪಾಸಾಯಿತು. ಅದೇ 1999ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು. 2000ದ ಜನವರಿ 1ರಿಂದ ಜಾರಿ. ಒಂದು ವೋಟಿನಿಂದ ಸೋತವರು ಅದೇ ವರ್ಷದೊಳಗೆ ಗೆದ್ದರು.

ಎಲ್ಲಾ ಸಲವೂ ಗೆದ್ದರು ಅಂತಲ್ಲ. ರಾಜ್ಯದ ಪ್ರತಿಯೊಬ್ಬರಿಗೂ ಸರ್ಕಾರದಿಂದಲೇ ಒಂದೇ ಆರೋಗ್ಯ ವಿಮೆ ಇರಲಿ ಅಂತ ದೊಡ್ಡ ಬಿಲ್ ತಂದರು. ಎರಡೂ ಸದನ ಒಪ್ಪಿತು. 2006ರಲ್ಲಿ ಗವರ್ನರ್ ವೀಟೋ ಹಾಕಿದರು. ಮತ್ತೆ ತಂದರು. 2008ರಲ್ಲಿ ಮತ್ತೆ ವೀಟೋ. ಯಾರು ಆ ಗವರ್ನರ್? ಆರ್ನಾಲ್ಡ್ ಶ್ವಾರ್ಜ್‌ನೆಗರ್. ನಮ್ಮ ಟರ್ಮಿನೇಟರ್! ಅವರೂ ನಟ, ಇವರೂ ನಟಿ. ಆ ಪಿಕ್ಚರ್‌ನಲ್ಲಿ ಗೆದ್ದಿದ್ದು ಟರ್ಮಿನೇಟರೇ. ಆದರೆ 2014ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತ ಮಂಡಳಿಗೆ ಶೀಲಾ ನಿಂತಾಗ ಎದುರಾಳಿ ಯಾರು ಗೊತ್ತಾ? ಬಾಬಿ ಶ್ರೈವರ್. ಕೆನಡಿ ಕುಟುಂಬದ ಕುಡಿ, ಅಧ್ಯಕ್ಷ ಜಾನ್ ಎಫ್. ಕೆನಡಿಯವರ ತಂಗಿಯ ಮಗ. ಶ್ವಾರ್ಜ್‌ನೆಗರ್ ಮದುವೆಯಾಗಿದ್ದ ಮರಿಯಾ ಶ್ರೈವರ್‌ಗೆ ಅಣ್ಣ. 73ರ ವಯಸ್ಸಿನಲ್ಲಿ ಶೀಲಾ ಅವರನ್ನು ಸೋಲಿಸಿದರು. ಸುಮಾರು ಒಂದು ಕೋಟಿ ಜನರ ಕೌಂಟಿ ಅದು. ನಡೆಸೋದು ಐದೇ ಜನ ಸದಸ್ಯರು. ಆ ಐವರಲ್ಲಿ ಒಬ್ಬರಾದರು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖ ಹೇಳದಿದ್ದರೆ ಅದು ಪತ್ರಿಕೋದ್ಯಮ ಅಲ್ಲ, ಅಭಿನಂದನಾ ಗ್ರಂಥ. 2020ರ ನವೆಂಬರ್, ಕೋವಿಡ್ ಕಾಲ. ಹೋಟೆಲ್‌ಗಳ ಹೊರಾಂಗಣದಲ್ಲೂ ಊಟ ಬಡಿಸಬಾರದು ಅಂತ ಆ ಮಂಡಳಿ ತೀರ್ಮಾನ ಮಾಡಿತು. 3-2. ನೋಡಿ, ಅಲ್ಲೂ ಒಂದೇ ವೋಟಿನ ಅಂತರ. ಮೂವರಲ್ಲಿ ಶೀಲಾ ಒಬ್ಬರು. ಹೊರಗೆ ಕೂತು ಊಟ ಮಾಡೋದು ಬಹಳ ಅಪಾಯ ಅಂತ ಮಾತಾಡಿದರು. ಅದೇ ದಿನ, ನಿಷೇಧ ಜಾರಿಗೆ ಬರುವ ಮೊದಲು, ಸಾಂತಾ ಮೋನಿಕಾದ ಒಂದು ಹೋಟೆಲಿನ ಹೊರಾಂಗಣದಲ್ಲಿ ಕೂತು ಊಟ ಮಾಡಿದರು. ಟಿವಿಯವರ ಕಣ್ಣಿಗೆ ಬಿದ್ದರು, ದೇಶವೆಲ್ಲ ಸುದ್ದಿಯಾಯಿತು. ಆಗಲೇಬೇಕಿತ್ತು. ಅವತ್ತು ಕೆಲಸ ಕಳೆದುಕೊಂಡ ಸಪ್ಲೈಯರ್‌ಗಳ ಸಿಟ್ಟು ನ್ಯಾಯವಾದದ್ದು. ನಾನು ಆ ದಿನ ಅಲ್ಲಿನ ಆ್ಯಂಕರ್ ಆಗಿದ್ದರೂ ಅದೇ ಪ್ರಶ್ನೆ ಕೇಳ್ತಿದ್ದೆ.

ಆದರೆ ಒಂದು ಮಾತು. ಅವತ್ತು ಜನ ಅವರನ್ನು ಬೈದಿದ್ದು ಯಾಕೆ? ಹೇಳಿದ್ದೊಂದು, ಮಾಡಿದ್ದೊಂದು ಅಂತ. ಎಲ್ಲಾ ರಾಜಕಾರಣಿಗಳನ್ನು ಬೈಯೋ ಹಾಗೇ ಬೈದರು. ನನಗೆ ಇದರಲ್ಲಿ ಒಂದು ಘನತೆ ಕಾಣುತ್ತೆ. 20ನೇ ವಯಸ್ಸಿನ ಆಸುಪಾಸಿನಲ್ಲಿ ಚಾನೆಲ್‌ನವರು ನೋಡೋಕೆ ಹೇಗಿದ್ದಾಳೆ ಅಂತ ಲೆಕ್ಕ ಹಾಕಿದರು. 79ನೇ ವಯಸ್ಸಿನಲ್ಲಿ ಜನ ಏನು ಮಾಡಿದಳು ಅಂತ ಲೆಕ್ಕ ಕೇಳಿದರು. ಸಮಾನತೆ ಅಂದ್ರೆ ಹೂವಿನ ಹಾರ ಮಾತ್ರ ಅಲ್ಲ ವೀಕ್ಷಕರೇ, ತಪ್ಪಿಗೆ ಎಲ್ಲರ ಹಾಗೇ ಬೈಸಿಕೊಳ್ಳೋದೂ ಹೌದು. 2022ರ ಕೊನೆಗೆ ಅವರು ಅಧಿಕಾರದಿಂದ ಇಳಿದರು.

ಈಗ ನಮ್ಮ ಕಡೆ ಬರೋಣ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಆ ಕೇಸಿನಲ್ಲಿದ್ದ ಇಬ್ಬರು ವಕೀಲೆಯರು ಮೇನಕಾ ಗುರುಸ್ವಾಮಿ ಮತ್ತು ಅರುಂಧತಿ ಕಾಟ್ಜು. ಇಬ್ಬರೂ ಕಾನೂನು ಓದಿದ್ದು ನಮ್ಮ ಬೆಂಗಳೂರಿನಲ್ಲೇ, ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ. ತಾವಿಬ್ಬರೂ ಸಂಗಾತಿಗಳು ಅಂತ ಅವರು 2019ರಲ್ಲಿ ಒಂದು ಟಿವಿ ಸಂದರ್ಶನದಲ್ಲಿ ಹೇಳಿದರು. ತೀರ್ಪು ಬಂದ ದಿನ ನಾವೂ ಬ್ರೇಕಿಂಗ್ ನ್ಯೂಸ್ ಹಾಕಿದೆವು. ರಾತ್ರಿ ಪ್ಯಾನೆಲ್ ಚರ್ಚೆ ಮಾಡಿದೆವು. ಪರ-ವಿರೋಧ ಅಂತ ನಾಲ್ಕು ಜನರನ್ನು ಕೂರಿಸಿ ಜಗಳ ಹಚ್ಚಿದೆವು. ಮಧ್ಯದಲ್ಲಿ ಕೂತಿದ್ದವನು ನಾನೇ. ಒಬ್ಬ ಮನುಷ್ಯ ಬದುಕಬಹುದಾ ಬೇಡವಾ ಅನ್ನೋದಕ್ಕೆ ಪರ-ವಿರೋಧ ಇರುತ್ತಾ ಅಂತ ಅವತ್ತು ನನಗೆ ಹೊಳೆಯಲಿಲ್ಲ.

ನಮ್ಮ ವಿಧಾನಸಭೆಯಲ್ಲಿ 224 ಕ್ಷೇತ್ರಗಳಿವೆ. ನಾಳೆ ಒಬ್ಬ ಹೆಣ್ಣುಮಗಳು, ವಕೀಲೆ, ನಾನು ಸಲಿಂಗಿ ಅಂತ ಹೇಳಿಕೊಂಡೇ ಟಿಕೆಟ್ ಕೇಳೋಕೆ ಪಕ್ಷದ ಕಚೇರಿಗೆ ಹೋದರೆ? ಯಾವ ಪಕ್ಷ ಕೊಡುತ್ತೋ ಅದು ಅವರಿಗೆ ಬಿಟ್ಟಿದ್ದು. ನನ್ನ ಪ್ರಶ್ನೆ ನನಗೇ. ಅವತ್ತು ನಮ್ಮ ಸ್ಕ್ರೀನ್ ಮೇಲೆ ಏನು ಬರುತ್ತೆ? ನಿಮ್ಮ ಕ್ಷೇತ್ರದ ಕುಡಿಯೋ ನೀರಿಗೆ ಏನು ಮಾಡ್ತೀರಿ ಅಂತ ಕೇಳ್ತೀನಾ? ಅಥವಾ ಮನೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ ಅಂತ ಕೇಳ್ತೀನಾ? ಎರಡನೆಯ ಪ್ರಶ್ನೆಗೆ ಟಿಆರ್‌ಪಿ ಜಾಸ್ತಿ ಅಂತ ನನಗೂ ಗೊತ್ತು, ನಮ್ಮ ಎಡಿಟರ್‌ಗೂ ಗೊತ್ತು, ರಿಮೋಟ್ ಹಿಡಿದಿರೋ ನಿಮಗೂ ಗೊತ್ತು.

ಶೀಲಾ ಕ್ಯೂಲ್‌ಗೆ ಅವತ್ತು ಕಡಿಮೆ ಬಿದ್ದ ಆ ಒಂದು ವೋಟು ಯಾರದ್ದು ಅಂತ ನಾನು ಬಹಳ ಸಲ ಯೋಚನೆ ಮಾಡಿದ್ದೀನಿ. ಕೂಗಿದವರದ್ದಲ್ಲ. ಕೂಗಿದವರು ಹೇಗೂ ವಿರೋಧವೇ. ಇದು ಸರಿ ಅಂತ ಗೊತ್ತಿದ್ದೂ, ಪಕ್ಕದವರು ಏನಂತಾರೋ ಅಂತ ಸುಮ್ಮನೆ ಕೂತ ಯಾರೋ ಒಬ್ಬರದ್ದು ಇರಬೇಕು ಅಂತ ನನಗನ್ನಿಸುತ್ತೆ. ಯಾಕಂದ್ರೆ ನಮ್ಮ ಹಾಸ್ಟೆಲ್‌ನ ಮೆಸ್‌ನಲ್ಲಿ ಆ ಒಂದು ವೋಟು ನನ್ನದಾಗಿತ್ತು. ನಾನು ಹಾಕಲಿಲ್ಲ.

ಆ ಕ್ಯಾಲ್ಕುಲೇಟರ್ ಇನ್ನೂ ನನ್ನ ಹತ್ತಿರ ಇದೆ. ನಿಮ್ಮ ಮನೆಯ ಮಕ್ಕಳು ಇವತ್ತು ಶಾಲೆಯಿಂದ, ಕಾಲೇಜಿನಿಂದ ಬಂದಾಗ ಮಾರ್ಕ್ಸ್ ಕೇಳೋ ಮೊದಲು ಒಂದು ಮಾತು ಕೇಳಿ. ನಿಮ್ಮ ಕ್ಲಾಸಿನಲ್ಲಿ ಎಲ್ಲರೂ ಸೇರಿ ನಗೋದು ಯಾರನ್ನ ನೋಡಿ? ನೀನೂ ನಗ್ತೀಯಾ?